ಡಿವಿಡಿ ಬ್ಯಾಕಪ್ ನಿಧಾನ ಅಂತ ಡ್ರೈವ್ ಬದಲಾಯಿಸೋ ಮುಂಚೆ

ಮನೇಲಿ ಒಂದು ಹಳೇ ಪೆಂಟಿಯಂ 4 ಡೆಸ್ಕ್‌ಟಾಪ್ ಇನ್ನೂ ಇಟ್ಕೊಂಡಿದೀನಿ. 512 ಎಂಬಿ ರ‍್ಯಾಮು, ವಿಂಡೋಸ್ ಎಕ್ಸ್‌ಪಿ, ಡ್ರೈವುಗಳನ್ನ ಮದರ್‌ಬೋರ್ಡಿಗೆ ಜೋಡಿಸೋ ಅಗಲವಾದ ಪಟ್ಟಿ ಥರದ ಐಡಿಇ ಕೇಬಲ್ಲು, ಎಲ್ಲಾ ಆ ಕಾಲದ್ದೇ. ಹಳೇ ಫೋಟೋ, ಕ್ಯಾಮ್‌ಕಾರ್ಡರಿಂದ ಇಳಿಸಿದ ವಿಡಿಯೋ ಎಲ್ಲಾ ಅದರ ಹಾರ್ಡ್ ಡಿಸ್ಕಲ್ಲೇ ಕೂತಿರೋದ್ರಿಂದ ಅವನ್ನ ಡಿವಿಡಿಗೆ ಹಾಕೋ ಕೆಲಸಾನೂ ಅದರಲ್ಲೇ ನಡೀತಿತ್ತು, ಹತ್ತು ನಿಮಿಷ ಬಿಟ್ಟು ಬಂದ್ರೆ ಒಂದು ಡಿಸ್ಕ್ ರೆಡಿ ಇರ್ತಿತ್ತು. ಒಂದಿನ ಇದ್ದಕ್ಕಿದ್ದಂಗೆ ಅದೇ ಡ್ರೈವು, ಅದೇ ಪ್ಯಾಕಿನ ಡಿಸ್ಕು, ಅದೇ ಸಾಫ್ಟ್‌ವೇರು, ಆದ್ರೆ ಮುಕ್ಕಾಲು ಗಂಟೆ ಆದ್ರೂ ಮುಗೀತಿಲ್ಲ, ಮಧ್ಯೆ ಮೌಸ್ ಅಲ್ಲಾಡಿಸಿದ್ರೆ ಪಾಯಿಂಟರ್ ತಡವರಿಸ್ಕೊಂಡು ಹೋಗ್ತಿದೆ. ಯಾರನ್ನ ಕೇಳಿದ್ರೂ ಒಂದೇ ಉತ್ತರ, "ಡ್ರೈವ್ ಹೋಗಿದೆ ಬಿಡಿ, ಹೊಸದು ಹಾಕ್ಸಿ." ಡ್ರೈವಿಗೆ ಏನೂ ಆಗಿರ್ಲಿಲ್ಲ. ಹಳೇ ಮಷೀನುಗಳಲ್ಲಿ ಬಹಳಷ್ಟು ಸಲ ಏನೂ ಆಗಿರಲ್ಲ, ಡ್ರೈವಿಗೆ ಡೇಟಾ ಬಂದು ಸೇರೋ ದಾರೀಲಿ ಎಲ್ಲೋ ಕಟ್ಕೊಂಡಿರತ್ತೆ, ಅದೆಲ್ಲಿ ಅಂತ ಹುಡುಕೋಕೆ ಕಾಸು ಖರ್ಚಿಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಮೊದಲು ನಿಧಾನ ಅಂದ್ರೆ ಎಷ್ಟು ಅನ್ನೋದು ಗೊತ್ತಿರ್ಲಿ, ಯಾಕಂದ್ರೆ ಸುಮಾರು ಜನ ನಿಧಾನ ಅಂತ ಗೋಳಾಡೋದು ನಿಜಕ್ಕೂ ಸರಿಯಾದ ವೇಗಾನೇ ಆಗಿರತ್ತೆ. ಡಿವಿಡಿ ಲೆಕ್ಕದಲ್ಲಿ 1ಎಕ್ಸ್ ಅಂದ್ರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಸಿಡಿ 1ಎಕ್ಸ್ ಬರೀ 150 ಕೆಬಿ, ಹಾಗಾಗಿ 52ಎಕ್ಸ್ ಸಿಡಿ ನೋಡಿ 16ಎಕ್ಸ್ ಡಿವಿಡಿ ಅದಕ್ಕಿಂತ ಕಮ್ಮಿ ಅಂದ್ಕೋಬೇಡಿ, ಎರಡೂ ಬೇರೆ ಬೇರೆ ಅಳತೆ. 4.7 ಜಿಬಿ ಡಿಸ್ಕ್ ಪೂರ್ತಿ ತುಂಬೋಕೆ 1ಎಕ್ಸಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, 4ಎಕ್ಸಲ್ಲಿ 14-15 ನಿಮಿಷ, 8ಎಕ್ಸಲ್ಲಿ ಎಂಟು ನಿಮಿಷದ ಆಸುಪಾಸು. ಹಂಗಾದ್ರೆ 16ಎಕ್ಸಲ್ಲಿ ನಾಲ್ಕು ನಿಮಿಷ ಆಗ್ಬೇಕಲ್ವಾ ಅಂದ್ರೆ, ಆಗಲ್ಲ, ಐದಾರು ನಿಮಿಷ ಹಿಡಿಯತ್ತೆ. ಯಾಕೆ ಅಂದ್ರೆ 16ಎಕ್ಸ್ ಅನ್ನೋದು ಡಿಸ್ಕಿನ ಹೊರಗಡೆ ಅಂಚಿಗೆ ಹೋದಾಗ ಮಾತ್ರ ಸಿಗೋ ವೇಗ, ಬರೆಯೋದು ಶುರುವಾಗೋದು ಒಳಗಡೆ ಸುತ್ತಿಂದ, ಅಲ್ಲಿ ಆರೇಳು ಎಕ್ಸ್ ಅಷ್ಟೇ ಇರತ್ತೆ, ಡಿಸ್ಕ್ ತಿರುಗೋ ಸ್ಪೀಡ್ ಅದೇ ಇದ್ರೂ ಹೊರಗೆ ಹೋದಂಗೆ ಸುತ್ತು ದೊಡ್ಡದಾಗಿ ಒಂದು ತಿರುಗಿಗೆ ಜಾಸ್ತಿ ಡೇಟಾ ಹಿಡಿಯತ್ತೆ. ಇದರ ಮೇಲೆ ಶುರೂಲಿ ಲೀಡ್-ಇನ್ (ಡಿಸ್ಕಿನ ಪರಿಚಯದ ಭಾಗ), ಕೊನೇಲಿ ಫೈನಲೈಸ್ (ಡಿಸ್ಕನ್ನ ಮುಚ್ಚೋದು) ಅಂತ ಒಂದೊಂದು ನಿಮಿಷ ಸೇರ್ಸಿ.

ಡ್ಯುಯಲ್ ಲೇಯರ್ ಡಿಸ್ಕ್ ಹಾಕೋರು ಇನ್ನೂ ಒಂದು ತಿಳ್ಕೋಬೇಕು, ಮೊದಮೊದಲು ಬಂದ ಡ್ರೈವುಗಳು ಅವನ್ನ ಬರೀತಿದ್ದಿದ್ದೇ 2.4ಎಕ್ಸಲ್ಲಿ, 8.5 ಜಿಬಿಗೆ ಮುಕ್ಕಾಲು ಗಂಟೆಗೆ ಒಂಚೂರು ಕಮ್ಮಿ. ಅದು ಕಾಯಿಲೆ ಏನಲ್ಲ, ಅದರ ಯೋಗ್ಯತೆನೇ ಅಷ್ಟು. ರೀರೈಟಬಲ್ ಡಿಸ್ಕೂ ಹಂಗೇ, 2.4 ಅಥವಾ 4ಎಕ್ಸಿಂದು ಇಟ್ಕೊಂಡು ಯಾಕೆ 16ಎಕ್ಸ್ ಬರ್ತಿಲ್ಲ ಅಂತ ಕೇಳಿದ್ರೆ ಡ್ರೈವಾದ್ರೂ ಏನ್ ಮಾಡತ್ತೆ.

ಸರಿ, ಲೆಕ್ಕ ಹಾಕಿ ನೋಡಿದ್ಮೇಲೂ ನಿಧಾನಾನೇ ಅಂತಾದ್ರೆ, ಮುಂದಿನ ಪ್ರಶ್ನೆ ಒಂದೇ: ಡೇಟಾ ತಡವಾಗಿ ಬರ್ತಿದ್ಯಾ, ಅಥವಾ ಡೇಟಾ ಬಂದು ಕೂತಿದ್ರೂ ಡ್ರೈವ್ ಬರೀತಿಲ್ವಾ? ಇದಕ್ಕೆ ಉತ್ತರ ಬರ್ನಿಂಗ್ ಸಾಫ್ಟ್‌ವೇರಿನ ಸ್ಕ್ರೀನ್ ಮೇಲೇ ಇರತ್ತೆ, ನಾವು ಪರ್ಸೆಂಟೇಜ್ ಮಾತ್ರ ನೋಡ್ತಾ ಕೂತಿರ್ತೀವಿ. ಇಮ್ಗ್‌ಬರ್ನ್ ಥರದ ಪ್ರೋಗ್ರಾಮಲ್ಲಿ ಎರಡು ಪಟ್ಟಿ ಕಾಣತ್ತೆ, ಒಂದು ಕಂಪ್ಯೂಟರ್ ರ‍್ಯಾಮಲ್ಲಿರೋ ಬಫರ್, ಇನ್ನೊಂದು ಡ್ರೈವ್ ಒಳಗಿರೋ ಬಫರ್, ಬಫರ್ ಅಂದ್ರೆ ಬರೆಯೋ ಮುಂಚೆ ಡೇಟಾ ತಾತ್ಕಾಲಿಕವಾಗಿ ಕೂರೋ ಜಾಗ. ಡ್ರೈವ್ ಒಳಗಿರೋದು ಸಾಮಾನ್ಯವಾಗಿ 2 ಎಂಬಿ, 8ಎಕ್ಸಲ್ಲಿ ಸೆಕೆಂಡಿಗೆ 11 ಎಂಬಿ ಬೇಕು, ಅಂದ್ರೆ ಅದು ಕಾಲು ಸೆಕೆಂಡೂ ಬರಲ್ಲ. ಈಗ ನೋಡಿ: ರ‍್ಯಾಮಿನ ಬಫರೇ ಮೇಲೆ ಕೆಳಗೆ ಕುಣೀತಿದ್ರೆ ಹಾರ್ಡ್ ಡಿಸ್ಕ್ ಕಡೆಯಿಂದ ಡೇಟಾ ಬರ್ತಿಲ್ಲ. ರ‍್ಯಾಮ್ ಬಫರ್ ತುಂಬಿದೆ, ಡ್ರೈವಿಂದು ಖಾಲಿ ಹೊಡೀತಿದೆ ಅಂದ್ರೆ ಇವೆರಡರ ಮಧ್ಯೆ ಇರೋ ಕೇಬಲ್ಲು, ಕಂಟ್ರೋಲರು, ಟ್ರಾನ್ಸ್‌ಫರ್ ಮೋಡ್, ಅಲ್ಲೇ ತೊಂದರೆ. ಎರಡೂ ಫುಲ್ ಇದ್ದು ಸುಮ್ನೆ 2ಎಕ್ಸಲ್ಲಿ ತೆವಳ್ತಿದೆ ಅಂದ್ರೆ ಆಗ ಡಿಸ್ಕು ಅಥವಾ ಡ್ರೈವ್ ಮೇಲೆ ಅನುಮಾನ ಪಡಿ. ಹಳೇ ಕಾಲದಲ್ಲಿ ಬಫರ್ ಖಾಲಿಯಾದ್ರೆ ಡಿಸ್ಕೇ ಹಾಳಾಗ್ತಿತ್ತು, ಆಮೇಲೆ ಬಂದ ಡ್ರೈವುಗಳಲ್ಲಿ ಅಂಡರ್‌ರನ್ ಪ್ರೊಟೆಕ್ಷನ್ ಇದೆ, ಲೇಸರ್ ನಿಲ್ಲತ್ತೆ, ಡೇಟಾ ಬಂದ್ಮೇಲೆ ನಿಲ್ಸಿದ್ ಜಾಗದಿಂದ ಮತ್ತೆ ಶುರು ಮಾಡತ್ತೆ. ಒಳ್ಳೇದೇ, ಆದ್ರೆ ಇದರಿಂದ ಆದ ಒಂದು ಅನಾಹುತ ಏನಂದ್ರೆ ತೊಂದರೆ ಇರೋದೇ ನಮಗೆ ಗೊತ್ತಾಗಲ್ಲ, ಡಿಸ್ಕ್ ಕೆಟ್ಟಿದ್ರೆ ಅವತ್ತೇ ಹುಡುಕ್ತಿದ್ವಿ, ಈಗ ಬರೀ ನಿಧಾನ ಆಗತ್ತೆ, ನಾವೂ ಹಳೇ ಕಂಪ್ಯೂಟರ್ ಅಲ್ವಾ ಅಂತ ಸುಮ್ನಾಗ್ತೀವಿ.

ನನ್ನ ಮಷೀನಲ್ಲಿ ರ‍್ಯಾಮ್ ಬಫರ್ ನೂರಕ್ಕೆ ನೂರು, ಡ್ರೈವ್ ಬಫರ್ ಸೊನ್ನೆ ಹತ್ರ ಒದ್ದಾಡ್ತಿತ್ತು. ಅಂದ್ರೆ ಮಧ್ಯದಲ್ಲಿ. ಈ ಮಧ್ಯದಲ್ಲಿ ಅನ್ನೋದು ಐಡಿಇ ಡ್ರೈವ್ ಇರೋ ಎಕ್ಸ್‌ಪಿ ಮಷೀನುಗಳಲ್ಲಿ ಹತ್ತಕ್ಕೆ ಎಂಟು ಸಲ ಒಂದೇ ವಿಷಯ ಅಂತ ನನ್ನ ಅಂದಾಜು: ಪಿಐಒ ಮೋಡ್.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಕಥೆ ಇರೋದೇ ಇಲ್ಲಿ. ಹಾರ್ಡ್ ಡಿಸ್ಕೋ ಡಿವಿಡಿ ಡ್ರೈವೋ ಮೆಮೊರಿ ಜೊತೆ ಡೇಟಾ ಸಾಗಿಸೋಕೆ ಎರಡು ರೀತಿ ಇದೆ. ಡಿಎಂಎ ಅಂದ್ರೆ ಪ್ರೊಸೆಸರ್ "ಇಲ್ಲಿಂದ ಇಲ್ಲಿಗೆ ಇಷ್ಟು ತಗೊಂಡ್ ಹೋಗು" ಅಂತ ಒಂದು ಮಾತು ಹೇಳಿ ತನ್ನ ಕೆಲಸಕ್ಕೆ ಹೋಗತ್ತೆ, ಕಂಟ್ರೋಲರ್ ತಾನೇ ನೋಡ್ಕೊಳತ್ತೆ. ಪಿಐಒ ಅಂದ್ರೆ ಪ್ರೊಸೆಸರೇ ಒಂದೊಂದು ತುಣುಕನ್ನೂ ಕೈಯಾರೆ ಎತ್ತಿ ಎತ್ತಿ ಹಾಕೋದು. ಕಾಗದದ ಮೇಲೆ ಪಿಐಒ ಮೋಡ್ 4ಕ್ಕೆ ಸೆಕೆಂಡಿಗೆ 16.6 ಎಂಬಿ ಅಂತಿದೆ, ನಿಜವಾಗಿ ಅದರ ಹತ್ರಾನೂ ಸುಳಿಯಲ್ಲ, ಮೇಲಾಗಿ ಪ್ರೊಸೆಸರ್ ಪೂರ್ತಿ ಅದರಲ್ಲೇ ಮುಳುಗಿರತ್ತೆ. ಮೌಸ್ ತಡವರಿಸೋದು, ಹಾಡು ಹಾಕಿದ್ರೆ ಕಟ್ ಕಟ್ ಆಗೋದು ಇದಕ್ಕೇ. ಅಲ್ಟ್ರಾ ಡಿಎಂಎ ಮೋಡ್ 2ಲ್ಲಿ 33 ಎಂಬಿ ತನಕ ಹೋಗತ್ತೆ, 16ಎಕ್ಸ್ ಡಿವಿಡಿಗೆ ಬೇಕಿರೋದು 22 ಎಂಬಿ, ಸಾಕು ಸಾಕು ಅನ್ನೋಷ್ಟಿದೆ. ಹಾಗಾಗಿ ಡಿವಿಡಿ ಡ್ರೈವಿಗೆ ಮೋಡ್ 2 ಅಂತ ತೋರ್ಸಿದ್ರೆ ಗಾಬರಿ ಬೇಡ, ಹಾರ್ಡ್ ಡಿಸ್ಕಿಗೆ ಮೋಡ್ 5 ಇದೆ ಇದಕ್ಕೆ ಯಾಕಿಲ್ಲ ಅಂತ ತಲೆ ಕೆಡಿಸ್ಕೋಬೇಡಿ.

ಸರಿ, ಚೆನ್ನಾಗಿ ಡಿಎಂಎಲಿ ಓಡ್ತಿದ್ದಿದ್ದು ಪಿಐಒಗೆ ಯಾಕೆ ಬೀಳತ್ತೆ? ಎಕ್ಸ್‌ಪಿ ತಾನೇ ಇಳಿಸತ್ತೆ, ಯಾರಿಗೂ ಒಂದು ಮಾತೂ ಹೇಳ್ದೆ. ಡ್ರೈವ್ ಟೈಮಿಗೆ ಸರಿಯಾಗಿ ಉತ್ತರ ಕೊಡ್ಲಿಲ್ಲ, ಅಥವಾ ಕೇಬಲ್ಲಲ್ಲಿ ಬಂದ ಡೇಟಾದ ಸಿಆರ್‌ಸಿ (ಡೇಟಾ ಕೆಡದೇ ಬಂತಾ ಅಂತ ನೋಡೋ ಲೆಕ್ಕ) ತಾಳೆ ಆಗ್ಲಿಲ್ಲ ಅಂದ್ರೆ ಅದನ್ನ ಒಂದು ತಪ್ಪು ಅಂತ ಎಣಿಸ್ಕೊಳತ್ತೆ, ಹಂಗೆ ಒಟ್ಟು ಆರು ಆದ್ರೆ ಮೋಡನ್ನ ಒಂದು ಮೆಟ್ಟಿಲು ಇಳಿಸತ್ತೆ, ತಪ್ಪು ಬರ್ತಾನೇ ಇದ್ರೆ ಇನ್ನೊಂದು, ಕೊನೆಗೆ ಪಿಐಒ. ಈ ಆರು ಅನ್ನೋದು ಒಂದೇ ದಿನ ಆಗ್ಬೇಕು ಅಂತೇನಿಲ್ಲ, ಕೂಡ್ತಾ ಹೋಗತ್ತೆ. ಈಗ ಯೋಚ್ನೆ ಮಾಡಿ, ಗೀರು ಬಿದ್ದ ಯಾವುದೋ ಹಳೇ ಡಿಸ್ಕನ್ನ ಹಾಕಿ ಓದ್ಸೋಕೆ ಒದ್ದಾಡ್ತೀರಿ, ಡ್ರೈವ್ ಕರ್ರ್ ಕರ್ರ್ ಅಂತ ಒಂದೇ ಜಾಗನ ಮತ್ತೆ ಮತ್ತೆ ಓದ್ತಾ ಉತ್ತರ ಕೊಡೋಕೆ ತಡ ಮಾಡತ್ತೆ, ಟೈಮೌಟ್ ಮೇಲೆ ಟೈಮೌಟ್, ವಿಂಡೋಸ್ ಎಣಿಸ್ತಾ ಹೋಗತ್ತೆ. ಆ ಡಿಸ್ಕ್ ತೆಗೆದು ಎಸೀತೀರಿ, ಮರ್ತೂ ಹೋಗ್ತೀರಿ. ಮಾರನೇ ದಿನ ಹೊಚ್ಚ ಹೊಸ ಖಾಲಿ ಡಿಸ್ಕ್ ಹಾಕಿ ಬರ್ನ್ ಮಾಡಿದ್ರೆ ನಿಧಾನ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ರೂ ನಿಧಾನ. ಒಂದು ಕೆಟ್ಟ ಡಿಸ್ಕಿನ ಶಿಕ್ಷೆ ಮುಂದಿನ ಎಲ್ಲಾ ಡಿಸ್ಕಿಗೂ. ಡ್ರೈವ್ ಹೋಗಿದೆ ಅಂತ ತೀರ್ಮಾನ ಮಾಡೋದು ಈ ಹಂತದಲ್ಲೇ, ಎಷ್ಟು ಒಳ್ಳೊಳ್ಳೆ ಡ್ರೈವುಗಳು ಹಿಂಗೇ ಗುಜರಿಗೆ ಹೋಗಿವೆಯೋ.

ನೋಡೋದು ಹೇಗೆ ಅಂದ್ರೆ, ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್, ಅಲ್ಲಿ ಐಡಿಇ ಎಟಿಎ/ಎಟಿಎಪಿಐ ಕಂಟ್ರೋಲರ್ಸ್ ಅನ್ನೋದನ್ನ ಬಿಡಿಸಿದ್ರೆ ಪ್ರೈಮರಿ ಐಡಿಇ ಚಾನೆಲ್, ಸೆಕೆಂಡರಿ ಐಡಿಇ ಚಾನೆಲ್ ಅಂತ ಎರಡು ಕಾಣತ್ತೆ. ಡಿವಿಡಿ ಡ್ರೈವ್ ಸಾಮಾನ್ಯವಾಗಿ ಸೆಕೆಂಡರೀಲಿರತ್ತೆ. ಅದರ ಪ್ರಾಪರ್ಟೀಸಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಟ್ಯಾಬಿಗೆ ಹೋಗಿ, ಕರೆಂಟ್ ಟ್ರಾನ್ಸ್‌ಫರ್ ಮೋಡ್ ಅಂತ ಬೂದು ಬಣ್ಣದಲ್ಲಿ ಒಂದು ಸಾಲಿರತ್ತೆ, ಅದನ್ನ ಓದಿ. ಅದರ ಮೇಲಿರೋ ಡ್ರಾಪ್‌ಡೌನಲ್ಲಿ ಡಿಎಂಎ ಇಫ್ ಅವೈಲಬಲ್ ಅಂತ ಇದ್ದೇ ಇರತ್ತೆ, ಅದನ್ನ ನೋಡಿ ಸರಿಯಾಗಿದೆ ಅಂತ ಎದ್ದು ಹೋಗೋರೇ ಜಾಸ್ತಿ, ಅದು ನೀವು ಕೇಳ್ಕೊಂಡಿರೋದು, ಸಿಕ್ಕಿರೋದು ಏನು ಅನ್ನೋದು ಕೆಳಗಿನ ಸಾಲಲ್ಲಿ. ಅಲ್ಲಿ ಪಿಐಒ ಮೋಡ್ ಅಂತಿದ್ರೆ ಕಳ್ಳ ಸಿಕ್ಕಿದ. ಕೆಲವು ಮದರ್‌ಬೋರ್ಡುಗಳಲ್ಲಿ ಚಿಪ್‌ಸೆಟ್ ಕಂಪನಿಯ ಸ್ವಂತ ಡ್ರೈವರ್ ಹಾಕಿದ್ರೆ ಈ ಟ್ಯಾಬ್ ಬೇರೆ ಥರ ಇರತ್ತೆ, ಹುಡುಕಿ ನೋಡಿ.

ಇನ್ನೊಂದು ಗುರುತೂ ಇದೆ. ಬರ್ನ್ ಆಗ್ತಿರೋವಾಗ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ ವ್ಯೂ ಮೆನೂಲಿ ಶೋ ಕರ್ನಲ್ ಟೈಮ್ಸ್ ಆನ್ ಮಾಡಿ, ಹಸಿರು ಗೆರೆ ಜೊತೆಗೆ ಒಂದು ಕೆಂಪು ಗೆರೆ ಬರತ್ತೆ. ಹಸಿರೂ ಮೇಲೆ, ಕೆಂಪೂ ಅದಕ್ಕೆ ಅಂಟ್ಕೊಂಡಂಗೆ ಮೇಲೆ ಇದ್ರೆ ಪ್ರೊಸೆಸರ್ ಟೈಮನ್ನ ಯಾವ ಪ್ರೋಗ್ರಾಮೂ ತಿಂತಿಲ್ಲ, ಕರ್ನಲ್ಲೇ, ಅಂದ್ರೆ ವಿಂಡೋಸಿನ ಒಳತಿರುಳೇ, ತಿಂತಿದೆ ಅಂತ ಅರ್ಥ, ಪಿಐಒ ಇದ್ರೆ ಹಿಂಗೇ ಕಾಣೋದು. ಡಿಎಂಎ ಸರಿಯಾಗಿದ್ರೆ ಡಿವಿಡಿ ಬರೆಯೋದು ಪ್ರೊಸೆಸರಿಗೆ ಕೆಲಸಾನೇ ಅಲ್ಲ, ಪೆಂಟಿಯಂ 4 ಅಂತೂ ಆಕಳಿಸ್ತಾ ಕೂತಿರತ್ತೆ.

ಸರಿ ಮಾಡೋದು ಸುಲಭ. ಆ ಸೆಕೆಂಡರಿ ಐಡಿಇ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡಿ, ಹೆದರ್ಬೇಡಿ, ಡೇಟಾಗೆ ಏನೂ ಆಗಲ್ಲ, ರೀಸ್ಟಾರ್ಟ್ ಮಾಡಿದ್ರೆ ವಿಂಡೋಸ್ ಅದನ್ನ ಹೊಸದಾಗಿ ಕಂಡ್ಹಿಡಿದು ಹಳೇ ತಪ್ಪಿನ ಲೆಕ್ಕ ಎಲ್ಲಾ ಮರ್ತು ಡಿಎಂಎ ಇಂದ ಶುರು ಮಾಡತ್ತೆ. ಕೆಲವು ಸಲ ಮೇಲಿನ ಡ್ರಾಪ್‌ಡೌನಲ್ಲೇ ಪಿಐಒ ಓನ್ಲಿ ಅಂತ ಯಾರೋ ಇಟ್ಟಿರ್ತಾರೆ, ಅದನ್ನೂ ಬದಲಾಯಿಸಿ. ಆಮೇಲೂ ಪಿಐಒನೇ ಬಂದ್ರೆ ಬಯಾಸಿಗೆ (ಕಂಪ್ಯೂಟರ್ ಆನ್ ಆಗ್ತಿದ್ದಂಗೆ, ವಿಂಡೋಸಿಗೂ ಮುಂಚೆ ಸಿಗೋ ಸೆಟ್ಟಿಂಗ್) ಹೋಗಿ ಐಡಿಇ ಸೆಟ್ಟಿಂಗಲ್ಲಿ ಆ ಚಾನೆಲ್ಲಿನ ಯುಡಿಎಂಎ (ಅಲ್ಟ್ರಾ ಡಿಎಂಎ) ಆಟೋದಲ್ಲಿದ್ಯಾ ಡಿಸೇಬಲ್ ಆಗಿದ್ಯಾ ನೋಡಿ. ವಿಸ್ಟಾ, ಸೆವೆನ್ ಇದ್ದೋರಿಗೆ ಇದೇ ಜಾಗದಲ್ಲಿ ಎನೇಬಲ್ ಡಿಎಂಎ ಅಂತ ಒಂದು ಟಿಕ್ ಬಾಕ್ಸ್ ಇರತ್ತೆ. ಲಿನಕ್ಸ್ ಹಾಕೊಂಡಿರೋರಿಗೆ, ಈಚಿನ ಕರ್ನಲ್ಲಾದ್ರೆ ಡಿಮೆಸೇಜ್ ಔಟ್‌ಪುಟ್ಟಲ್ಲಿ ಕಾನ್ಫಿಗರ್ಡ್ ಫಾರ್ ಯುಡಿಎಂಎ/33 ಅನ್ನೋ ಥರ ಸಾಲು ಬರತ್ತೆ, ಪಿಐಒ ಅಂತ ಬಂದಿದ್ರೆ ಇದೇ ರೋಗ, ತೀರಾ ಹಳೇ ಕರ್ನಲ್ಲಲ್ಲಿ ಎಚ್‌ಡಿಪಾರ್ಮ್ ಕಮ್ಯಾಂಡಿಂದ ಡಿಎಂಎ ಆನ್ ಮಾಡ್ಬೋದಿತ್ತು.

ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ಸರಿ ಹೋಯ್ತು ಅಂತ ಖುಷಿ ಪಟ್ಟು ಕೆಲವೇ ದಿನದಲ್ಲಿ ಮತ್ತೆ ಪಿಐಒಗೆ ಬಿದ್ರೆ, ಕೇಬಲ್ ನೋಡಿ. ಐಡಿಇ ಕೇಬಲ್ಲಲ್ಲಿ ಎರಡು ಜಾತಿ, 40 ತಂತಿದು ಹಳೇದು, 80 ತಂತಿದು ಹೊಸದು, ಎರಡಕ್ಕೂ ಕನೆಕ್ಟರ್ ಒಂದೇ ಸೈಜು, ಆದ್ರೆ 80ರದ್ದು ಮುಟ್ಟಿದ್ರೆ ಎಳೆ ತುಂಬಾ ಸಣ್ಣ ಸಣ್ಣ ಇರತ್ತೆ. ಅದರಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ (ಮೊದಲನೇ ಡ್ರೈವ್), ಮಧ್ಯದ ಬೂದು ಬಣ್ಣದ್ದು ಸ್ಲೇವಿಗೆ (ಎರಡನೇದು). ಮಡಚಿ ಮಡಚಿ ಒಳಗೆ ತುರುಕಿರೋ ಕೇಬಲ್ಲು, ಅರ್ಧ ಸಡಿಲ ಆಗಿರೋ ಕನೆಕ್ಟರ್ರು, ಇವೇ ಸಿಆರ್‌ಸಿ ತಪ್ಪುಗಳ ತವರು. ಪವರ್ ತೆಗೆದು, ಕನೆಕ್ಟರ್ ಕಿತ್ತು ಮತ್ತೆ ಗಟ್ಟಿಯಾಗಿ ಒತ್ತಿ ಕೂರ್ಸಿ, ಅಷ್ಟರಿಂದಾನೇ ಎಷ್ಟೋ ಸಲ ಸರಿ ಹೋಗತ್ತೆ. ಇನ್ನೊಂದು, ಹಾರ್ಡ್ ಡಿಸ್ಕು ಡಿವಿಡಿ ಡ್ರೈವು ಎರಡೂ ಒಂದೇ ಕೇಬಲ್ಲಲ್ಲಿ ಮಾಸ್ಟರ್ ಸ್ಲೇವ್ ಅಂತ ನೇತಾಡ್ತಿದ್ರೆ ಬೇರೆ ಬೇರೆ ಮಾಡಿ. ಒಂದು ಚಾನೆಲ್ಲಲ್ಲಿ ಒಂದು ಹೊತ್ತಿಗೆ ಒಬ್ಬರಿಗೇ ಮಾತಾಡೋಕೆ ಅವಕಾಶ, ಇಲ್ಲಿಂದ ಓದಿ ಅಲ್ಲಿಗೆ ಬರೆಯೋದು ಅಂದ್ರೆ ಇಬ್ಬರೂ ಸರದಿ ಕಾಯ್ತಾ ನಿಂತಂಗೆ.

ಯುಎಸ್‌ಬಿ ಡ್ರೈವ್ ಇಟ್ಕೊಂಡಿರೋರಿಗೆ ಈ ಪಿಐಒ ರಾಮಾಯಣ ಬೇಡ, ಅವರದ್ದು ಬೇರೆ. ಹಳೇ ಮಷೀನಿನ ಪೋರ್ಟ್ ಯುಎಸ್‌ಬಿ 1.1 ಆಗಿದ್ರೆ 12 ಮೆಗಾಬಿಟ್, ಅಂದ್ರೆ ನಿಜಕ್ಕೂ ಸೆಕೆಂಡಿಗೆ 1 ಎಂಬಿ ಆಸುಪಾಸು, 1ಎಕ್ಸಿಗೂ ಕಮ್ಮಿ, ಒಂದು ಡಿಸ್ಕಿಗೆ ಒಂದು ಗಂಟೆ ದಾಟತ್ತೆ. 2.0 ಪೋರ್ಟ್ ಇದ್ದೂ ಎಕ್ಸ್‌ಪಿಗೆ ಸರ್ವೀಸ್ ಪ್ಯಾಕ್ ಹಾಕಿಲ್ಲ, ಚಿಪ್‌ಸೆಟ್ ಡ್ರೈವರ್ ಹಾಕಿಲ್ಲ ಅಂದ್ರೂ ಅದೇ ಗತಿ. ಚುಚ್ಚಿದ ತಕ್ಷಣ ಮೂಲೇಲಿ ಈ ಡಿವೈಸ್ ಇನ್ನೂ ಜೋರಾಗಿ ಓಡ್ಬೋದಿತ್ತು ಅನ್ನೋ ಅರ್ಥದ ಬಲೂನ್ ಬಂದ್ರೆ ಕ್ಲೋಸ್ ಮಾಡೋ ಮುಂಚೆ ಓದಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಂದ ಓದಿ ಎಕ್ಸ್‌ಟರ್ನಲ್ ಡಿವಿಡಿಗೆ ಬರೀತಿದ್ರೆ ಮೊದಲು ಡೇಟಾನ ಒಳಗಿನ ಡಿಸ್ಕಿಗೆ ಕಾಪಿ ಮಾಡ್ಕೊಂಡು ಆಮೇಲೆ ಬರ್ನ್ ಮಾಡಿ.

ಈಗ ಆ ಇನ್ನೊಂದು ಕೇಸು, ರ‍್ಯಾಮ್ ಬಫರೇ ಖಾಲಿಯಾಗೋದು. ವಿಡಿಯೋ ಬ್ಯಾಕಪ್ ಆರಾಮಾಗಿ ಆಗತ್ತೆ, ಫೋಟೋ ಬ್ಯಾಕಪ್ ಮಾತ್ರ ಸಾಯ್ಸತ್ತೆ ಅಂದ್ರೆ ಇದೇ. ಹಾರ್ಡ್ ಡಿಸ್ಕಿನ ಹೆಡ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಡಿಸ್ಕ್ ಸುತ್ತಿ ಬರೋ ತನಕ ಕಾಯೋಕೆ 12-13 ಮಿಲಿಸೆಕೆಂಡ್ ಹಿಡಿಯತ್ತೆ, ಅಂದ್ರೆ ಸೆಕೆಂಡಿಗೆ ಎಪ್ಪತ್ತು ಎಂಬತ್ತು ಜಿಗಿತ ಅಷ್ಟೇ. ಒಂದು ಸಣ್ಣ ಫೈಲ್ ತೆಗೆಯೋಕೆ ಎರಡು ಮೂರು ಜಿಗಿತ ಬೇಕು ಅಂದ್ಕೊಂಡ್ರೆ ಸೆಕೆಂಡಿಗೆ ಮೂವತ್ತು ಫೈಲ್, ಒಂದೊಂದು 100 ಕೆಬಿ ಇದ್ರೆ 3 ಎಂಬಿ, ಅಂದ್ರೆ 2ಎಕ್ಸು. ಡ್ರೈವಿಗೆ 16ಎಕ್ಸ್ ಅಂತ ಹೇಳಿ ಕೂತ್ರೆ ಏನ್ ಬಂತು, ಕೊಡೋರೇ ಇಲ್ಲ. ಹಾರ್ಡ್ ಡಿಸ್ಕ್ ತುಂಬಿ ತುಳುಕ್ತಿದ್ದು ಫೈಲುಗಳು ಚೂರುಚೂರಾಗಿ ಹರಡಿದ್ರೆ ಇನ್ನೂ ಕೆಟ್ಟದು. ಡಿಫ್ರ್ಯಾಗ್ (ಆ ಚೂರುಗಳನ್ನ ಒಟ್ಟಿಗೆ ಜೋಡಿಸೋದು) ಮಾಡಿದ್ರೆ ಸ್ವಲ್ಪ ಸುಧಾರಿಸತ್ತೆ, ಆದ್ರೆ ಎಕ್ಸ್‌ಪಿಯ ಡಿಫ್ರ್ಯಾಗ್ ನೆಟ್ಟಗೆ ಆಗೋಕೆ 15 ಪರ್ಸೆಂಟ್ ಜಾಗ ಖಾಲಿ ಬೇಕು, ಬ್ಯಾಕಪ್ ಮಾಡೋಕೆ ಹೊರಟಿರೋದೇ ಜಾಗ ಇಲ್ಲ ಅಂತ ಆಗಿರೋವಾಗ ಅದೆಲ್ಲಿಂದ ತರೋದು.

ನಾನು ಮಾಡೋದು ಹೀಗೆ, ಮೊದಲು ಆ ಫೋಟೋಗಳನ್ನೆಲ್ಲ ಸೇರ್ಸಿ ಒಂದು ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚಾದ ಒಂದೇ ಫೈಲ್) ಮಾಡ್ಕೊಳೋದು, ಇದು ಎಷ್ಟು ಹೊತ್ತು ಬೇಕಾದ್ರೂ ತಗೊಳ್ಳಿ, ಲೇಸರ್ ಏನೂ ಕಾಯ್ತಾ ಇರಲ್ಲ. ಆಮೇಲೆ ಆ ಒಂದು ದೊಡ್ಡ ಫೈಲನ್ನ ಡಿಸ್ಕಿಗೆ ಬರೆಯೋದು, ಹೆಡ್ ಹೆಚ್ಚು ಕುಣಿಯೋದೇ ಬೇಡ, ಒಂದೇ ಸಮ ಹರಿಯತ್ತೆ. ಅದೇ ಫೋಟೋದ ಎರಡು ಪ್ರತಿ ಮಾಡೋದಿದ್ರೆ (ಮಾಡಿ, ದಯವಿಟ್ಟು) ಎರಡನೇದಕ್ಕೆ ಅದೇ ಐಎಸ್‌ಒ ಸಾಕು. ಒಂದೇ ತಕರಾರು, ಅದನ್ನ ಇಡೋ ಪಾರ್ಟಿಷನ್ ಫ್ಯಾಟ್32 (ಫೈಲ್ ಜೋಡಿಸಿಡೋ ಹಳೇ ಪದ್ಧತಿ) ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯಲ್ಲ, ತುಂಬಿದ ಡಿವಿಡಿ ಇಮೇಜ್ ಕಂಪ್ಯೂಟರ್ ಲೆಕ್ಕದಲ್ಲಿ 4.38 ಜಿಬಿ ಬರತ್ತೆ, ಕೊನೇಲಿ ಜಾಗ ಇದ್ರೂ ಡಿಸ್ಕ್ ಫುಲ್ ಅನ್ನತ್ತೆ. ಎಕ್ಸ್‌ಪೀಲಿ ಕನ್ವರ್ಟ್ ಅನ್ನೋ ಕಮ್ಯಾಂಡ್ ಇದೆ, ಇರೋ ಡೇಟಾ ಹಂಗೇ ಇಟ್ಟು ಎನ್‌ಟಿಎಫ್‌ಎಸ್‌ಗೆ ಬದಲಾಯಿಸತ್ತೆ, ವಾಪಸ್ ಫ್ಯಾಟ್32ಕ್ಕೆ ಬರೋ ದಾರಿ ಇಲ್ಲ ಅನ್ನೋದು ನೆನಪಿರ್ಲಿ.

ಬ್ಯಾಕಪ್ ಸಾಫ್ಟ್‌ವೇರಿನ ಕಂಪ್ರೆಷನ್ ಬಗ್ಗೆನೂ ಒಂದು ಮಾತು. ಹೈ ಕಂಪ್ರೆಷನ್ ಅಂತ ಟಿಕ್ ಹಾಕಿದ್ರೆ ಹಳೇ ಪ್ರೊಸೆಸರ್ ಅದನ್ನ ಅರೆಯೋದ್ರಲ್ಲೇ ಸುಸ್ತಾಗತ್ತೆ, ಆದ್ರೆ ಜೆಪೆಗ್ ಫೋಟೋ, ಎಂಪಿ3, ಎಂಪೆಗ್ ವಿಡಿಯೋ ಇವೆಲ್ಲ ಆಗ್ಲೇ ಕುಗ್ಗಿಸಿರೋವು, ಇನ್ನೊಂದ್ಸಲ ಹಿಂಡಿದ್ರೆ ಒಂದು ಹನೀನೂ ಬರಲ್ಲ. ಆಫ್ ಮಾಡಿ. ಆಂಟಿವೈರಸ್ ಅಷ್ಟೇ, ಬರ್ನ್ ಆಗೋವಾಗ ಓದೋ ಪ್ರತಿ ಫೈಲನ್ನೂ ಅದು ಮೂಸಿ ನೋಡತ್ತೆ, ನೆಟ್ ಕೇಬಲ್ ಕಿತ್ತಿಟ್ಟು ಅಷ್ಟು ಹೊತ್ತು ಅದನ್ನ ಮಲಗ್ಸಿದ್ರೆ ತೊಂದರೆ ಇಲ್ಲ. ವಿಸ್ಟಾದಿಂದ ಈಚೆಗೆ ಖಾಲಿ ಡಿಸ್ಕ್ ಹಾಕಿದಾಗ ಯುಎಸ್‌ಬಿ ಡ್ರೈವ್ ಥರ ಬಳಸ್ತೀರಾ ಅಂತ ಕೇಳತ್ತಲ್ಲ, ಲೈವ್ ಫೈಲ್ ಸಿಸ್ಟಮ್ ಅಂತ, ಅದು ಒಂದೆರಡು ಫೈಲಿಗೆ ಸರಿ, ಇಡೀ ಡಿಸ್ಕ್ ಬ್ಯಾಕಪ್ಪಿಗೆ ಬೇಡ, ಮಾಸ್ಟರ್ಡ್ ಅನ್ನೋದನ್ನ ಆರಿಸ್ಕೊಳ್ಳಿ. ವೆರಿಫೈ ಮಾತ್ರ ಯಾವ ಕಾರಣಕ್ಕೂ ಆಫ್ ಮಾಡ್ಬೇಡಿ. ಅದು ಇಡೀ ಡಿಸ್ಕನ್ನ ಇನ್ನೊಂದ್ಸಲ ಓದತ್ತೆ, ಟೈಮ್ ಹೆಚ್ಚುಕಮ್ಮಿ ಡಬಲ್ ಆಗತ್ತೆ, ನಿಜ, ಆದ್ರೆ ಸ್ಪೀಡಿನ ಆಸೆಗೆ ಜನ ಮೊದಲು ಬಿಡೋದು ಇದನ್ನೇ, ಓದಿ ನೋಡದೇ ಇರೋ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅನ್ನಲ್ಲ.

ಎರಡೂ ಬಫರ್ ತುಂಬಿದ್ರೂ ನಿಧಾನ ಅನ್ನೋ ಕೇಸಿಗೆ ಬಂದ್ರೆ ಡಿಸ್ಕ್ ನೋಡಿ. ಪ್ಯಾಕ್ ಮೇಲೆ 16ಎಕ್ಸ್ ಅಂತ ದೊಡ್ಡದಾಗಿ ಬರೆದಿದ್ರೂ ಡ್ರೈವ್ ಆ ಪ್ಯಾಕ್ ಓದಲ್ಲ, ಡಿಸ್ಕಿನ ಗ್ರೂವಲ್ಲಿ ಕಾರ್ಖಾನೇಲೇ ಒತ್ತಿರೋ ಒಂದು ಕೋಡ್ ಇರತ್ತೆ, ಅದನ್ನ ಓದಿ ತನ್ನೊಳಗೇ ಕೂತಿರೋ ಪ್ರೋಗ್ರಾಮ್, ಅಂದ್ರೆ ಫರ್ಮ್‌ವೇರಲ್ಲಿರೋ ಪಟ್ಟಿ ಜೊತೆ ಹೋಲ್ಸಿ, ಈ ಡಿಸ್ಕಿಗೆ ಲೇಸರ್ ಎಷ್ಟು ಪವರಲ್ಲಿ ಹೆಂಗೆ ಬಿಡ್ಬೇಕು, ಎಷ್ಟು ಸ್ಪೀಡ್ ತನಕ ಹೋಗ್ಬೋದು ಅಂತ ತೀರ್ಮಾನ ಮಾಡತ್ತೆ. ಡ್ರೈವ್ ಬಂದಾದ್ಮೇಲೆ ಮಾರ್ಕೆಟ್ಟಿಗೆ ಬಂದ ಡಿಸ್ಕ್ ಆದ್ರೆ ಪಟ್ಟೀಲಿ ಹೆಸರೇ ಇರಲ್ಲ, ಗೊತ್ತಿಲ್ಲದೋರ ಜೊತೆ ವ್ಯವಹಾರ ಹುಷಾರಾಗಿ ಅಂತ 4ಎಕ್ಸಿಗೋ 2ಎಕ್ಸಿಗೋ ನಿಲ್ಲತ್ತೆ. ಇದಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಇದೆ, ಸಿಕ್ಕಿದ್ರೆ ಹಾಕಿ, ಆದ್ರೆ ಸರಿಯಾದ ಮಾಡೆಲ್ಲಿಂದೇ ಆಗಿರ್ಬೇಕು, ಮಧ್ಯೆ ಕರೆಂಟ್ ಹೋದ್ರೆ ಡ್ರೈವ್ ಇಟ್ಟಿಗೆ ಆಗ್ಬೋದು. ಅದಕ್ಕಿಂತ ಬೇರೆ ಬ್ರ್ಯಾಂಡಿಂದು ಒಂದೆರಡು ಡಿಸ್ಕ್ ತಂದು ಪರೀಕ್ಷೆ ಮಾಡೋದು ಸುಲಭ. ಡಿಸ್ಕ್ ಕಳಪೆ ಇದ್ದಾಗ ಕೆಲವು ಡ್ರೈವ್ ಬರೀತಾ ಬರೀತಾನೇ ಡಿಸ್ಕಿಂದ ವಾಪಸ್ ಬಂದ ಬೆಳಕನ್ನ ನೋಡಿ ಸ್ಪೀಡ್ ಇಳಿಸ್ಕೊಳತ್ತೆ, 8ಎಕ್ಸಲ್ಲಿ ಹೋಗ್ತಿದ್ದು ಅರ್ಧಕ್ಕೆ 4ಕ್ಕೆ ಬಿದ್ರೆ ಅದು ಡಿಸ್ಕಿನ ಬಗ್ಗೆ ಡ್ರೈವ್ ಕೊಡ್ತಿರೋ ಸರ್ಟಿಫಿಕೇಟು. ಅಂದ ಹಾಗೆ ನಾನಂತೂ ಈ ಹಳೇ ಡ್ರೈವಲ್ಲಿ 16ಎಕ್ಸಿಗೆ ಹೋಗೋದೇ ಇಲ್ಲ, 8ಕ್ಕೆ ಇಟ್ಟು ಬಿಡ್ತೀನಿ, ಎರಡು ನಿಮಿಷ ಉಳಿಸಿ ಏನ್ ಮಾಡೋದಿದೆ.

ಉಲ್ಟಾ ಕೆಲಸ, ಅಂದ್ರೆ ಹಳೇ ಡಿವಿಡಿಗಳನ್ನ ಹಾರ್ಡ್ ಡಿಸ್ಕಿಗೆ ತರೋದು ನಿಧಾನ ಆಗ್ತಿದ್ರೆ ಅದಕ್ಕೂ ಪಿಐಒ ಚೆಕ್ ಮೊದಲು, ಆಮೇಲೆ ಉಳಿದಿದ್ದು. ಟಿವಿ ಪಕ್ಕ ಇಡೋ ರೆಕಾರ್ಡರಿಂದ ಮಾಡಿದ ಡಿಸ್ಕುಗಳು ಡಿವಿಡಿ-ವಿಡಿಯೋ ರೂಪದಲ್ಲಿರತ್ತೆ, ಅಂಥವನ್ನ ನೋಡಿದ್ರೆ ಕೆಲವು ಡ್ರೈವುಗಳು ಸದ್ದು ಕಮ್ಮಿ ಇರ್ಲಿ ಅಂತ ಬೇಕಂತಲೇ ನಿಧಾನಕ್ಕೆ ತಿರುಗತ್ತೆ, ಅದು ಫರ್ಮ್‌ವೇರಲ್ಲೇ ಇರೋ ಸ್ವಭಾವ. ಗೀರು, ಬೆರಳಚ್ಚು ಇದ್ರೆ ಮೆತ್ತನೆ ಬಟ್ಟೇಲಿ ಮಧ್ಯದಿಂದ ಅಂಚಿನ ಕಡೆ ನೇರವಾಗಿ ಒರೆಸಿ, ಸುತ್ತ ಸುತ್ತ ಒರೆಸ್ಬೇಡಿ, ಸುತ್ತಾಗಿ ಬಿದ್ದ ಗೀರು ಡೇಟಾ ಹಾದಿ ಉದ್ದಕ್ಕೂ ಹೋಗತ್ತೆ, ಅಡ್ಡ ಬಿದ್ದ ಗೀರನ್ನ ಎರರ್ ಕರೆಕ್ಷನ್ ತುಂಬ್ಕೊಳೋದು ಸುಲಭ. ವಿಂಡೋಸ್ ಎಕ್ಸ್‌ಪ್ಲೋರರಲ್ಲಿ ಎಳೆದು ಕಾಪಿ ಮಾಡೋಕೆ ಹೋದ್ರೆ ಒಂದು ಕೆಟ್ಟ ಸೆಕ್ಟರಿಗೆ ಇಡೀ ಫೈಲ್ ಬಿಟ್ಟು ಬಿಡತ್ತೆ, ಅಷ್ಟೇ ಅಲ್ಲ, ಅಲ್ಲೇ ಒದ್ದಾಡ್ತಾ ಟೈಮೌಟ್ ಎಣಿಕೆ ಬೆಳೆಸತ್ತೆ, ಆ ಎಣಿಕೆ ಎಲ್ಲಿಗೆ ಹೋಗತ್ತೆ ಅಂತ ಮೇಲೆ ಹೇಳಿದೀನಲ್ಲ. ಲಿನಕ್ಸಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಮ್ ಇದೆ, ಇಂಥದ್ದಕ್ಕೇ ಮಾಡಿದ್ದು. ಮೊದಲು ಸುಲಭವಾಗಿ ಬರೋದನ್ನೆಲ್ಲ ಎಳ್ಕೊಂಡು, ಕೆಟ್ಟ ಜಾಗಗಳನ್ನ ಹಾರಿ, ಎಲ್ಲೆಲ್ಲಿ ಬಿಟ್ಟೆ ಅಂತ ಒಂದು ಮ್ಯಾಪ್ ಫೈಲಲ್ಲಿ ಬರೆದಿಟ್ಕೊಂಡು, ಕೊನೇಲಿ ಬಿಟ್ಟವಕ್ಕೆ ವಾಪಸ್ ಬರತ್ತೆ. ಆ ಮ್ಯಾಪ್ ಇರೋದ್ರಿಂದ ಮಧ್ಯೆ ನಿಲ್ಲಿಸ್ಬೋದು, ಡಿಸ್ಕ್ ತೆಗೆದು ಇನ್ನೊಂದು ಡ್ರೈವಿಗೆ ಹಾಕಿ ಉಳಿದ ಸೆಕ್ಟರ್ ಮಾತ್ರ ಅಲ್ಲಿಂದ ಓದ್ಸ್ಬೋದು, ಒಂದು ಡ್ರೈವಿಗೆ ಬಾರದ್ದು ಇನ್ನೊಂದಕ್ಕೆ ಬರೋದು ತುಂಬಾ ಸಾಮಾನ್ಯ.

ಇಷ್ಟೆಲ್ಲಾ ಆಗಿ, ಡಿಎಂಎ ಸರಿ ಇದೆ, ಕೇಬಲ್ ಸರಿ ಇದೆ, ಮೂರು ನಾಲ್ಕು ಬ್ರ್ಯಾಂಡಿನ ಡಿಸ್ಕ್ ನೋಡಾಯ್ತು, ಆದ್ರೂ ಬರ್ತಿಲ್ಲ ಅಂದ್ರೆ ಆಗ ಡ್ರೈವ್ ಮುದಿಯಾಗಿದೆ ಅಂತ ಒಪ್ಕೊಳ್ಳೋಣ. ಸಿಡಿ ಚೆನ್ನಾಗೇ ಓದತ್ತಲ್ಲ ಅಂತ ವಾದ ಮಾಡ್ಬೇಡಿ, ಸಿಡಿಗೆ 780 ನ್ಯಾನೋಮೀಟರ್ ಲೇಸರು, ಡಿವಿಡಿಗೆ 650ರದ್ದು, ಒಂದು ಸತ್ತು ಇನ್ನೊಂದು ಬದುಕಿರ್ಬೋದು. ಐಡಿಇ ಡ್ರೈವ್ ಹೊಸದು ಸಿಗೋದು ಕಷ್ಟ, ಹಂಗಾಗಿ ಯುಎಸ್‌ಬಿ ಸ್ಲಿಮ್ ಡ್ರೈವೇ ಗತಿ, ಅವು ಬರೆಯೋದು 8ಎಕ್ಸ್ ತನಕ, ನಮಗೆ ಅದು ಧಾರಾಳ. ತಗೊಂಡ್ರೆ ಕ್ಯಾಬಿನೆಟ್ ಮುಂದಿನ ಪೋರ್ಟಿಗೆ ಹಾಕ್ಬೇಡಿ, ಹಳೇ ಮಷೀನಲ್ಲಿ ಅಲ್ಲಿಗೆ ಬರೋ ಸಣ್ಣ ವೈರಲ್ಲಿ ಬರೆಯೋವಾಗ ಬೇಕಾಗೋ ಪವರ್ ಸಾಲ್ದೆ ಡ್ರೈವ್ ಮಧ್ಯದಲ್ಲೇ ಮಾಯ ಆಗತ್ತೆ, ಹಿಂದೆ ಮದರ್‌ಬೋರ್ಡಿಗೇ ಅಂಟ್ಕೊಂಡಿರೋ 2.0 ಪೋರ್ಟಿಗೆ ಹಾಕಿ, ಅಲ್ಲೂ ಸಾಲ್ದಿದ್ರೆ ಎರಡು ಪೋರ್ಟಿಂದ ಪವರ್ ಎಳೆಯೋ ವೈ ಕೇಬಲ್ ಸಿಗತ್ತೆ.